ನೂರಕ್ಕೆ ನಲವತ್ತು

ಹವಾಮಾನ ಕಚೇರಿ,
ಮಂಗಳವಾರ ಮಧ್ಯಾಹ್ನ

ಅಮ್ಮನಿಗೆ ಮಗಳ ನಮಸ್ಕಾರ.

ನಗರಸಭೆಯ ಅಧ್ಯಕ್ಷೆಯಾದ ನಿನಗೆ ಕಳಿಸಬೇಕಾದ ಮುನ್ಸೂಚನೆಯನ್ನು ಬೆಳಿಗ್ಗೆಯೇ ಕಳಿಸಿದ್ದೇನೆ. ಇದು ನನ್ನ ಅಮ್ಮನಿಗೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಬರೆದು ಕಚೇರಿಯ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ.

ನೀನು ಕೇಳಿದ್ದು ಒಂದೇ: ನಾಳೆ ಹೊಳೆ ಉಕ್ಕುತ್ತೋ ಇಲ್ವೋ, ಒಂದು ಮಾತಲ್ಲಿ ಹೇಳು ಅಂತ. ನಾನು ನೂರಕ್ಕೆ ನಲವತ್ತು ಅಂದೆ. ಅಡ್ಡಗೋಡೆ ಮೇಲೆ ದೀಪ ಇಡಬೇಡ, ಇದಕ್ಕಾ ಅಷ್ಟು ವರ್ಷ ಓದಿದ್ದು ಅಂತ ಬೈದು ನೀನು ಫೋನ್ ಇಟ್ಟೆ. ನಿನಗೆ ಸಿಟ್ಟು, ನನಗೆ ಅಳು. ಇಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿದೆ. ಒಂದು ಕಂಪ್ಯೂಟರಿನ ಲೆಕ್ಕ ಮಳೆ ನಮ್ಮ ಬೆಟ್ಟದ ಮೇಲೇ ಸುರಿಯುತ್ತದೆ ಅನ್ನುತ್ತದೆ, ಇನ್ನೊಂದು ಆಚೆ ಕಡೆ ಹೋಗುತ್ತದೆ ಅನ್ನುತ್ತದೆ. ನಲವತ್ತು ಅಂದದ್ದು ಜಾಣತನಕ್ಕಲ್ಲಮ್ಮ, ನಮಗೆ ಗೊತ್ತಿರುವುದೇ ಅಷ್ಟು.

ಹೋದ ವರ್ಷ ನಾನು ಎಪ್ಪತ್ತು ಅಂದಿದ್ದೆ. ನೀನು ಮೈಕಿನಲ್ಲಿ ಬಂದೇ ಬರುತ್ತೆ ಅಂದುಬಿಟ್ಟೆ, ಹೊಳೆಬದಿಯವರನ್ನೆಲ್ಲ ಶಾಲೆಗೆ ಸಾಗಿಸಿದೆ. ನೀರು ಮೆಟ್ಟಿಲನ್ನೂ ಮುಟ್ಟಲಿಲ್ಲ. ಜನ ವಾಪಸು ಹೋಗಿ ನೋಡಿದರೆ ಮನೆಗಳ ಬೀಗ ಒಡೆದಿತ್ತು. ಅಂದಿನಿಂದ ನಿನಗೆ ಪ್ರಳಯದಮ್ಮ ಅಂತ ಹೆಸರು. ನನ್ನ ಲೆಕ್ಕ ತಪ್ಪಿರಲಿಲ್ಲ, ಉಳಿದ ಮೂವತ್ತು ನಿಜವಾಯಿತು ಅಷ್ಟೇ. ಇದನ್ನು ಹೊಲಿಗೆ ಯಂತ್ರ ಕಳೆದುಕೊಂಡ ಹೆಂಗಸಿಗೆ ಯಾವ ಬಾಯಲ್ಲಿ ವಿವರಿಸಲಿ?

ಭಾನುವಾರ ಚುನಾವಣೆ. ಮತ್ತೆ ಜನರನ್ನು ಎಬ್ಬಿಸಿ ಹೊಳೆ ಸುಮ್ಮನಿದ್ದರೆ ನೀನು ಸೋಲುತ್ತೀಯ, ಗೆದ್ದವನು ನಗರಸಭೆಯ ಖರ್ಚಿನಲ್ಲಿ ನಡೆಯುವ ನಮ್ಮ ಕಚೇರಿಗೂ ಬೀಗ ಹಾಕಿಸುತ್ತಾನಂತೆ. ಎಬ್ಬಿಸದೆ ಹೊಳೆ ಬಂದರೆ ಏನಾಗುತ್ತದೆ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಕಾರ್ಯದರ್ಶಿ ಫೋನ್ ಮಾಡಿ, ನಲವತ್ತನ್ನು ಮೂವತ್ತು ಮಾಡೋಕಾಗುತ್ತಾ ಅಂದರು. ನಮ್ಮ ಮುಖ್ಯಸ್ಥರು, ಅರವತ್ತು ಅಂತ ಹಾಕಮ್ಮ, ನಾಳೆ ನಮ್ಮ ತಲೆಗೆ ಬರೋದು ಬೇಡ ಅಂದರು. ಇಬ್ಬರಿಗೂ ಆಗಲ್ಲ ಅಂದೆ.

ಎಷ್ಟು ಅಂತ ಹೇಳುವುದು ನನ್ನ ಕೆಲಸ, ಏನು ಮಾಡಬೇಕು ಅನ್ನುವುದು ನಿನ್ನ ಕೆಲಸ ಅಂತ ಇಷ್ಟು ದಿನ ಗಟ್ಟಿಯಾಗಿ ನಂಬಿದ್ದೆ. ನನ್ನದು ಎಲ್ಲಿ ಮುಗಿದು ನಿನ್ನದು ಎಲ್ಲಿ ಶುರುವಾಗುತ್ತದೋ ಈಗ ತಿಳಿಯುತ್ತಿಲ್ಲ. ಎಬ್ಬಿಸು ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ಹೇಳಬಾರದು ಕೂಡ. ತಲೆ ಚಿಟ್ಟು ಹಿಡಿದುಹೋಗಿದೆ.

ಬಿಪಿ ಮಾತ್ರೆ ಮರೆಯಬೇಡ.

ನಿನ್ನ ಮಗಳು,
ಪುಟ್ಟಿ

ತಾ.ಕ.: ಬೆಳಿಗ್ಗೆ ನೀನು ಫೋನ್ ಇಟ್ಟ ಕೂಡಲೇ ಹೊಳೆಬದಿಗೆ ಹೋಗಿ ನಮ್ಮ ಅತ್ತೆಯನ್ನು ಮನೆಗೆ ಕರೆದುಕೊಂಡು ಬಂದೆ. ಹೊರಡುವಾಗ, ಯಾಕೆ ಇಷ್ಟು ಅವಸರ ಅಂತ ಅತ್ತೆಯ ಪಕ್ಕದ ಮನೆಯವರು ಕೇಳಿದರು. ಮೊಮ್ಮಗಳಿಗೆ ಜ್ವರ ಅಂತ ಹೇಳಿದೆ.