ಎದೆಯಲ್ಲಿ ಉಳಿದದ್ದು

ಶಿಡ್ಲಘಟ್ಟ
14-9-2006, ಗುರುವಾರ

ಚಿಂತಾಮಣಿಯಲ್ಲಿ ಅಕ್ಕನ ಮನೆ ಸೇರಿಕೊಂಡಿರುವ ನಮ್ಮ ಯಜಮಾನರಿಗೆ ನಿಮ್ಮ ಹೆಂಡತಿ ತನುಜ ಮಾಡುವ ನಮಸ್ಕಾರಗಳು.

ಉಸಿರಾಟ ಹೇಗಿದೆ? ಕೀಮೋಗೆ ಉದುರಿದ ಮೀಸೆ ಚಿಗುರಿತೇ? ರಾಮಲಕ್ಷ್ಮಮ್ಮ ಅತ್ತಿಗೆ ಹೊತ್ತುಹೊತ್ತಿಗೆ ಬಿಸಿ ಮುದ್ದೆ ಹಾಕುತ್ತಿರುತ್ತಾರೆ, ಅದರ ಚಿಂತೆ ನನಗಿಲ್ಲ. ಆಪರೇಷನ್ ಬೇಡ ಅಂತ ನೀವು ಅಲ್ಲಿ ಹೋಗಿ ಕೂತಿರಿ, ಇಲ್ಲಿ ನಿಮ್ಮ ಅಮ್ಮನ ಜೊತೆ ಇರುವವಳು ನಾನು.

ಅತ್ತೆ ಊಟಕ್ಕೆ ಇನ್ನೂ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ. ನಿಮ್ಮ ಜೊತೆ ಅವಳಿಯಾಗಿ ಹುಟ್ಟಿ, ಕಣ್ಣು ಬಿಡದೆ ಹೋದ ಕೂಸಿಗೆ. ವರ್ಷಕ್ಕೊಮ್ಮೆ ಪಿತೃಪಕ್ಷದಲ್ಲಿ ಇಡುತ್ತಿದ್ದ ಎಡೆ ಈಗ ದಿನದ ಊಟವಾಗಿದೆ. ಅವರನ್ನೇ ಬೈದು ಏನು ಮಾಡಲಿ? ಮೊದಲು ಇಲ್ಲಿನ ಡಾಕ್ಟರು ನಿಮ್ಮದು ರೇಷ್ಮೆಗೂಡು ಬೇಯಿಸುವ ಹಬೆಗೆ ಬಂದ ಕೆಮ್ಮು ಅಂದರು, ಆಮೇಲೆ ಟಿ.ಬಿ. ಮಾತ್ರೆ ನುಂಗಿಸಿದರು. ಕೊನೆಗೆ ಬೆಂಗಳೂರಿನಲ್ಲಿ ಎದೆಯಿಂದ ಚೂರು ತೆಗೆದು ನೋಡಿ, ಬಸುರಿಯರ ರಕ್ತದಲ್ಲಿ ಕಾಣುವ ಅಂಶ ನಿಮ್ಮ ರಕ್ತದಲ್ಲಿದೆ ಅಂದರು. ಗಂಡಸಿನ ಬೀಜಕ್ಕೆ ಇಳಿಯಬೇಕಾದ ಕಣ ಗರ್ಭದಲ್ಲೇ ದಾರಿ ತಪ್ಪಿ ಎದೆಯಲ್ಲಿ ಉಳಿದಿದೆ, ಅದೇ ಗಡ್ಡೆಯಾಗಿದೆ, ಬಹಳ ಅಪರೂಪದ್ದು ಅಂತ ಡಾಕ್ಟರು ಬಿಡಿಸಿ ಹೇಳಿದರು. ಕೀಮೋ ಮುಗಿದು ರಕ್ತವೇನೋ ಸರಿಹೋಯಿತು. ಉಳಿದ ಗಡ್ಡೆಯಲ್ಲಿ ಕೂದಲು, ಎಲುಬಿನ ಚೂರು ಇರಬಹುದು, ಬಿಟ್ಟರೆ ಬೆಳೆದು ಪ್ರಾಣಕ್ಕೆ ಕುತ್ತು ತರುತ್ತದೆ, ತೆಗೆಯಲೇಬೇಕು ಅಂದರು. ಅತ್ತೆಯ ಕಿವಿಗೆ ಬಿದ್ದದ್ದು ಕೂದಲು, ಎಲುಬು ಅಷ್ಟೇ. "ನನ್ ಕೂಸು ಅಲ್ಲೇ ಐತೆ ಕಣಪ್ಪ, ಕುಯ್ಸ್‌ಬ್ಯಾಡ" ಅಂತ ನಿಮ್ಮ ಎದೆ ಸವರಿದರು. ನೀವೂ ಹೂಂ ಅಂದಿರಿ.

ಈಗ ನನಗೂ ಭಯ ಹತ್ತಿದೆ. ನೀವಿಲ್ಲದ ಮನೆಯಲ್ಲಿ ನಿಮ್ಮ ಕೆಮ್ಮು ಕೇಳಿಸುತ್ತದೆ. ಹೋಗಿ ನೋಡಿದರೆ ಅತ್ತೆ ಆ ತಟ್ಟೆಯ ಮುಂದೆ ಕೂತು ಇನ್ನೊಂದು ತುತ್ತು ತಿನ್ನು ಅಂತ ಬಲವಂತ ಮಾಡುತ್ತಿರುತ್ತಾರೆ. ಆ ಕೂಸಿನ ಮೇಲೆ ನನಗೆ ಸಿಟ್ಟಿಲ್ಲ ರೀ. ನನಗೆ ನೀವು ಬೇಕು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ ಹೇಳಿ.

ಇಂತಿ ನಿಮ್ಮ,
ತನುಜ

ತಾ.ಕ. (ಶುಕ್ರವಾರ): ಅತ್ತೆ ಇವತ್ತು ಬೆಳಿಗ್ಗೆ ಆಪರೇಷನ್‌ಗೆ ಒಪ್ಪಿದರು. "ತೆಗ್ದಿದ್ದನ್ನ ಅಲ್ಲೇ ಬಿಸಾಕ್‌ಬ್ಯಾಡಿ, ನಂಗೆ ತಂದ್ಕೊಡಿ, ಮಣ್ಣು ಮಾಡ್ತೀನಿ" ಅಂದರು. ಆಸ್ಪತ್ರೆಯವರು ಕೊಡುತ್ತಾರೋ ಇಲ್ಲವೋ, ನಾನು ಹೂಂ ಅಂದುಬಿಟ್ಟೆ. ಆಮೇಲೆ ನೋಡಿದರೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಗುಂಡಿಯನ್ನೇ ತೋಡಿಸಿಬಿಟ್ಟಿದ್ದಾರೆ. ತೋಡಿದ ಗುಂಡಿ ಬಹಳ ದಿನ ಖಾಲಿ ಇರಬಾರದು ಅಂತಾರೆ. ಪತ್ರ ಕೈಸೇರಿದ ಕೂಡಲೇ ಹೊರಟು ಬನ್ನಿ.