ಮುದ್ದಕ್ಕನ ಹಗೇವು

೧೪-೬-೧೯೪೩, ಸೋಮವಾರ. ಐ.ಡಿ.ಹಳ್ಳಿ.

ಪಕ್ಕದ ಮನೆಯ ಮುದ್ದಕ್ಕ ಇವತ್ತು ಹಗೇವು ತೆಗೆಸಿದಳು. ಐದು ವರ್ಷ ಆ ನೆಲಗುಂಡಿಯಲ್ಲಿದ್ದ ರಾಗಿಯ ವಾಸನೆ ನಮ್ಮ ಅಡುಗೆಮನೆಗೂ ಬಂತು. ಹೊಟ್ಟೆ ಉರಿದುಹೋಯಿತು.

ನಮ್ಮ ಹಗೇವಿಗೆ ಮಣ್ಣು ತುಂಬಿಸಿದವಳು ನಾನೇ. ರಾಗಿ ಹೊಲಕ್ಕೆಲ್ಲ ಕಡಲೆಕಾಯಿ ಹಾಕಿಸಿದೆವು. ಅದು ಮದ್ರಾಸಿನಲ್ಲಿ ಹಡಗು ಹತ್ತಿ ಬಿಳಿಯರ ದೇಶಕ್ಕೆ ಹೋಯಿತು, ಆ ದುಡ್ಡಿನಲ್ಲಿ ನಾವು ರಂಗೂನಿನ ಅಕ್ಕಿ ಉಂಡೆವು. "ಇನ್ನೂ ರಾಗೀನೇ ತಿಂತೀಯಾ ಮುದ್ದಕ್ಕಾ?" ಎಂದು ನಕ್ಕಿದ್ದೆ. ಯುದ್ಧ ಬಂದು ರಂಗೂನಿನ ಅಕ್ಕಿ ನಿಂತಿತು. ಈಗ ರೇಷನ್ನಿನ ಮುಗ್ಗಿದ ಜೋಳ.

ಸಂಜೆ ಯಜಮಾನರು ಹಸಿವಿಲ್ಲವೆಂದರು. ಅನುಮಾನ ಬಂದು ಅವರ ಕೈ ಹಿಡಿದು ಮೂಸಿದೆ. ಮುದ್ದೆ!

"ಮುದ್ದಕ್ಕ ಬಲವಂತ ಮಾಡ್ಬುಟ್ಲು ಕಣೇ."

ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಇದ್ದೆ, ಆ ಕೈಯನ್ನು ಮಾತ್ರ ಮೂಗಿನಿಂದ ಇಳಿಸಲು ಮನಸ್ಸೇ ಬರಲಿಲ್ಲ.