ವಿಷಾದಿಸುತ್ತೇವೆ

ರೀ,

ಹಾಲು ಕಾಯಿಸಿಟ್ಟಿದ್ದೀನಿ. ಅಡುಗೆಮನೆ ನಲ್ಲಿ ಮತ್ತೆ ಸೋರ್ತಿದೆ, ಬಕೆಟ್ ತುಂಬಿದಾಗ ಚೆಲ್ಲಿ. ನಂಗೆ ಕೋಪ ಕೂಡ ಬರಲಿಲ್ಲ, ಸುಮ್ನೆ ಬಕೆಟ್ ಇಟ್ಟೆ.

ನಿನ್ನೆ ಸಂಜೆ ನೀವು ಶೂ ಬಿಚ್ಚುತ್ತಾ "ನಮ್ಮ ಕಾರ್ಖಾನೆ ಮುಚ್ತಾರಂತೆ ಕಣೇ" ಅಂದ್ರಿ. ನಾನು "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅಂದೆ. ಬೇಕೂಂತ ಅಂದಿದ್ದಲ್ಲ. ಆಫೀಸಲ್ಲಿ ದೂರಿನ ಫೋನ್ ಎತ್ತಿ, ಇಡೀ ದಿನ ಬೈಸಿಕೊಂಡು, ಅದನ್ನೇ ಹೇಳಿ ಹೇಳಿ, ನಾಲಿಗೆ ಮಾತ್ರ ಮನೆಗೆ ಬಂದಿತ್ತು, ನಾನು ಬಂದಿರಲಿಲ್ಲ. ನೀವು ಒಂದು ಶೂ ಕಾಲಲ್ಲೇ ಇಟ್ಕೊಂಡು ನನ್ನನ್ನೇ ನೋಡಿದ್ರಿ. ಆ ಮುಖ ನೆನೆದರೂ ಅಳು ಬರ್ತಿಲ್ಲ. ನಂಗೆ ಭಯ ಆಗಿದ್ದು ಅದಕ್ಕೇ.

ಇವತ್ತಿಂದ ಒಂದು ಸ್ಟಾಪ್ ಮುಂಚೆ ಇಳಿದು ನಡ್ಕೊಂಡು ಬರ್ತೀನಿ. ಬೈಗುಳವೆಲ್ಲ ದಾರೀಲೇ ಉದುರಲಿ. ಅರ್ಧ ಗಂಟೆ ತಡ ಆಗುತ್ತೆ. ಎಲ್ಲಿದ್ದೀಯಾ ಅಂತ ಫೋನ್ ಮಾಡ್ಬೇಡಿ, ಫೋನ್ ಹಿಡಿದರೆ ಮತ್ತೆ ಅದೇ ಬಾಯಿಗೆ ಬರುತ್ತೆ.

ಬಂದಮೇಲೆ ಕಾರ್ಖಾನೆ ವಿಷಯ ಮೊದಲಿಂದ ಹೇಳಿ. ನಾನೇನಾದ್ರೂ ಮತ್ತೆ "ವಿಷಾದಿಸುತ್ತೇವೆ" ಅಂದ್ರೆ ಜೋರಾಗಿ ಚಿವುಟಿ. "ಅಯ್ಯೋ" ಅಂದ್ರೆ, ಮನೆಗೆ ಬಂದಿದ್ದೀನಿ ಅಂತ ತಿಳ್ಕೊಳ್ಳಿ.